ಪೀಪಾಯಿ ಬಿದ್ದ ದಿನ

ಏಪ್ರಿಲ್ ತಿಂಗಳನ್ನು ನಾನು ನಂಬುವುದಿಲ್ಲ. ನಮ್ಮ ಅತ್ತೆಯನ್ನೂ ನಂಬುವುದಿಲ್ಲ. ಇಬ್ಬರೂ ಬೆಳಗ್ಗೆ ನಗುನಗುತ್ತಾ ಬರುತ್ತಾರೆ, ಮಧ್ಯಾಹ್ನದ ಹೊತ್ತಿಗೆ ಮುಖಕ್ಕೆ ಹಿಮ ಎರಚುತ್ತಾರೆ. ಸೂರಿನಿಂದ ತೊಟತೊಟ ನೀರಿಳಿಯುವುದನ್ನು ನೋಡಿ ‘ಅಂತೂ ವಸಂತ ಬಂತಪ್ಪಾ’ ಎಂದು ಉಣ್ಣೆಯ ಒಳಚಡ್ಡಿ ಮಡಚಿಟ್ಟವನು ಉತ್ತರ ಧ್ರುವದ ಅಂಚಿನ ಈ ಲ್ಯಾಪ್‌ಲ್ಯಾಂಡಿನಲ್ಲಿ ಹುಟ್ಟಿದವನೇ ಅಲ್ಲ. (ಈ ವರ್ಷ ನಾನು ಮಡಚಿಟ್ಟಿದ್ದೆ. ಅದು ಬೇರೆ ವಿಷಯ.)

ನಮ್ಮದು ಸರೋವರದ ದಂಡೆಯಲ್ಲೊಂದು ಸಣ್ಣ ಲಾಡ್ಜ್. ಹಿಮದಲ್ಲಿ ಜಾರಲು ಬಂದವರು ಹೋದ ಮೇಲೆ, ಮೀನು ಹಿಡಿಯುವವರು ಬರುವ ತನಕ ಒಬ್ಬ ಗಿರಾಕಿಯೂ ಇರುವುದಿಲ್ಲ. ಆಗ ಉಳಿಯುವವರು ನಾನು, ನನ್ನ ಹೆಂಡತಿ ಐಲಾ, ಅವಳ ತಾಯಿ ಹಿಲ್ಕಾ. ಮೂವರೇ, ದಿನವಿಡೀ ಒಬ್ಬರ ಮುಖ ಒಬ್ಬರು ನೋಡಿಕೊಂಡು. ಅನುಮಾನ ಬೆಳೆಯಲು ಇದಕ್ಕಿಂತ ಫಲವತ್ತಾದ ನೆಲ ಬೇಕೆ?

ಪ್ರತಿ ವರ್ಷ ಹೆಪ್ಪುಗಟ್ಟಿದ ಸರೋವರದ ಮೇಲೆ ಖಾಲಿ ಪೀಪಾಯಿಯೊಂದನ್ನು ನಿಲ್ಲಿಸುತ್ತೇವೆ. ಸೌನಾದ ಹಬೆಸ್ನಾನಕ್ಕೆಂದು ನಾನು ದಿನಾ ನೀರು ಸೇದಲು ಮಂಜುಗಡ್ಡೆಯಲ್ಲಿ ಕೊರೆದ ಕಂಡಿಯ ಪಕ್ಕದಲ್ಲೇ. ಮಂಜುಗಡ್ಡೆ ಕರಗಿ ಅದು ಎಂದು ಬೀಳುತ್ತದೆಂದು ಎಲ್ಲರೂ ಮೊದಲೇ ಹೇಳಬೇಕು. ಹತ್ತಿರದ ದಿನ ಹೇಳಿದವರು ಗೆದ್ದಂತೆ. ಈ ಸಲದ ಪಣ ದಂಡೆಯ ಗುಡಿಸಲು. ಅಯ್ಯಾ, ಅದು ಗುಡಿಸಲಲ್ಲ, ನನ್ನ ವೈಕುಂಠ! ಅಲ್ಲಿ ನನ್ನ ಗಾಳಗಳಿವೆ, ಮಲಗಲು ಒಂದು ಮಂಚವಿದೆ, ಹೆಂಡತಿ ಎಷ್ಟು ಕೂಗಿದರೂ ಕೇಳಿಸುವುದಿಲ್ಲ. ಅದು ಹೋಯಿತೆಂದರೆ ನನಗೆ ಈ ಭೂಮಂಡಲದಲ್ಲಿ ಬೇರೆ ನೆಲೆಯಿಲ್ಲ. ಅತ್ತೆಯವರ ಕಣ್ಣೂ ಅದರ ಮೇಲೆಯೇ. ಅಲ್ಲಿ ಮಗ್ಗ ಹೂಡಿ ಚಿಂದಿಬಟ್ಟೆಯ ಜಮಖಾನ ನೇಯುತ್ತಾರಂತೆ.

ನಾನು ಮೇ ಕೊನೆ ಎಂದೆ. ಐಲಾ ಜೂನ್ ಎಂದಳು. ಅತ್ತೆ ಏಪ್ರಿಲ್ ಕೊನೆ ಎಂದರು!

“ಆಗಿನ್ನೂ ಮಂಜುಗಡ್ಡೆ ಮೇಲೆ ಲಾರಿ ಓಡಿಸ್ಬಹುದು ಅತ್ತೆ. ಬೇಕೂಂತ್ಲೇ ಸೋಲ್ತಿದೀರಾ?”

“ನಿಮ್ಮ ಮಾವ ಇಲ್ಪೊ ಅವರ ಹೆಸರಿನ ದಿನ ಅದು ಅಳಿಯಂದ್ರೇ. ನಾನು ಯಾವಾಗ್ಲೂ ಅದನ್ನೇ ಹೇಳೋದು.”

ಹೆಸರಿನ ದಿನವಂತೆ! ಇಲ್ಲಿನ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಹೆಸರಿರುತ್ತದೆ, ಆ ಹೆಸರಿನವರಿಗೆ ಅಂದು ಹಬ್ಬ. ಒಳಗೊಂದು ಮಸಲತ್ತು ಇಲ್ಲದೆ ಇಂಥ ಮಾತು ಹೊರಡುವುದೇ?

ಒಂದು ಬೆಳಗ್ಗೆ ಕಿಟಕಿಯಲ್ಲಿ ಇಣುಕಿದೆ. ಬೆಳ್ಳನೆಯ ಮಂಜುಗಡ್ಡೆಯ ಮೇಲೆ ನಮ್ಮ ಬಾಗಿಲಿನಿಂದ ನೆಟ್ಟಗೆ ಪೀಪಾಯಿಯ ತನಕ ಕಪ್ಪು ಪಟ್ಟಿ! ಬೂದಿ! ಬೂದಿ ಬಿದ್ದಲ್ಲಿ ಬಿಸಿಲು ಹಿಡಿದು ಗಡ್ಡೆ ಬೇಗ ಕರಗುತ್ತದೆಂಬುದು ಇಲ್ಲಿನ ಮಗುವಿಗೂ ಗೊತ್ತು. ಮರುದಿನ ಸೌದೆ ರಾಶಿಯ ಹಿಂದೆ ಅವಿತು ಕೂತೆ. ಅತ್ತೆ ಬಕೆಟ್ ಹಿಡಿದು ಬಂದರು, ಬೂದಿ ಚೆಲ್ಲಿದರು, ಆಚೀಚೆ ನೋಡಿದರು, ಒಳಗೆ ಹೋದರು.

ಹೆಂಡತಿಯನ್ನು ವಿಚಾರಣೆಗೆ ಗುರಿಪಡಿಸಿದೆ.

“ನಿಮ್ಮಮ್ಮ ಬೆಳಬೆಳಗ್ಗೆ ಬಕೆಟ್ ಹಿಡ್ಕೊಂಡು ಎಲ್ಲಿಗೆ ಹೋಗ್ತಾರೆ?”

“ಒಲೆ ಬೂದಿ ಚೆಲ್ಲೋಕೆ.”

“ಸರೋವರದ ಮೇಲೇ ಯಾಕೆ?”

“ಮತ್ತೇನು, ನಿಮ್ಮ ತಲೆ ಮೇಲೆ ಚೆಲ್ಲಬೇಕಿತ್ತಾ? ಸುಮ್ನೆ ಕಾಫಿ ಕುಡೀರಿ.”

ಇವಳೂ ಶಾಮೀಲು! ಕಾಫಿಯನ್ನು ಮೂಸಿ ನೋಡಿಯೇ ಕುಡಿದೆ.

ಇನ್ನು ತಡ ಮಾಡಿದರೆ ವೈಕುಂಠ ಕೈಬಿಟ್ಟಿತೆಂದು, ಮರುದಿನ ಅವರಿಬ್ಬರೂ ಏಳುವ ಮೊದಲೇ ಪೊರಕೆಧಾರಿಯಾಗಿ ಯುದ್ಧಭೂಮಿಗಿಳಿದೆ. ಹಗಲು ಕರಗಿದ ನೀರು ರಾತ್ರಿ ಮತ್ತೆ ಹೆಪ್ಪುಗಟ್ಟಿತ್ತು. ಬಾಗಿಲಿನಿಂದ ಶುರುಮಾಡಿ ಗುಡಿಸಿದೆ ನೋಡಿ, ಒಂದು ಚಿಟಿಕೆ ಕಪ್ಪು ಉಳಿಯಬಾರದು! ಮದುವೆಯಾದಾಗಿನಿಂದ ಮನೆಯೊಳಗೆ ಅಷ್ಟು ಚೊಕ್ಕಟವಾಗಿ ಗುಡಿಸಿದವನಲ್ಲ. ಪೀಪಾಯಿಯ ಹತ್ತಿರ ಬಂದವನು ನನ್ನ ಕೈಕೆಲಸವನ್ನು ಕಣ್ತುಂಬ ನೋಡೋಣವೆಂದು ಗತ್ತಿನಿಂದ ತಿರುಗಿದೆ.

ಕಾಲು ನನ್ನನ್ನು ಬಿಟ್ಟು ತಾನೇ ಮುಂದೆ ಹೋಯಿತು. ಕೂತ ಭಂಗಿಯಲ್ಲೇ ಸರ್ರೆಂದು ಜಾರಿ, ಸಿಕ್ಕಿದ್ದನ್ನು ತಬ್ಬಿಕೊಂಡೆ. ಸಿಕ್ಕಿದ್ದು ಪೀಪಾಯಿ. ಢಮಾರ್!

ಸದ್ದಿಗೆ ಅಮ್ಮ ಮಗಳಿಬ್ಬರೂ ಹೊರಗೆ ಓಡಿ ಬಂದರು. ನಾನು ಅಂಗಾತ, ಪೀಪಾಯಿ ಅಡ್ಡಡ್ಡ.

“ಐಲಾ, ಇಲ್ಪೊ ಹೆಸರಿನ ದಿನ ಯಾವತ್ತು ಬಂತೇ?” ಎಂದರು ಅತ್ತೆ.

“ನಾಡಿದ್ದು ಅಮ್ಮಾ.”

“ಹಾಗಾದ್ರೆ ನಾನೇ ಹತ್ರ.”

“ಇದು ಲೆಕ್ಕಕ್ಕಿಲ್ಲ! ಬೀಳಿಸಿದ್ದು ನಾನು!” ಎಂದು ಮಲಗಿದಲ್ಲಿಂದಲೇ ಅರಚಿದೆ.

“ಹೋದ ವರ್ಷ ಹಿಮಸಾರಂಗ ಬಂದು ಗುದ್ದಿ ಬೀಳಿಸ್ದಾಗ, ‘ಬಿದ್ದದ್ದು ಬಿದ್ದದ್ದೇ, ಯಾರು ಬೀಳಿಸಿದ್ರೇನು, ನಾನೇ ಗೆದ್ದೆ’ ಅಂತ ಕುಣಿದಾಡ್ದೋರು ಯಾರ್ರೀ?” ಎಂದಳು ಐಲಾ.

“ನಿಮ್ಮಮ್ಮ ಬೂದಿ ಹಾಕಿ ಮೋಸ ಮಾಡ್ತಿದ್ರು ಕಣೇ!”

“ಮೋಸಾನಾ? ಹೋದ ವಾರ ನೀರು ತರೋವಾಗ ಜಾರಿ ಬಿದ್ದು ಸೊಂಟ ಹಿಡ್ಕೊಂಡು ನರಳಿದ್ದು ಮರ್ತೋಯ್ತಾ? ಬೂದಿ ಮೇಲೆ ಕಾಲು ಜಾರಲ್ಲ, ನೀವು ಮತ್ತೆ ಬೀಳಬಾರ್ದು ಅಂತ ಅಮ್ಮ ದಿನಾ ಎದ್ದು ನಿಮ್ಮ ದಾರೀಗೆ ಹಾಕ್ತಿದ್ರು. ಹೇಳಿದ್ರೆ ಅದ್ರಲ್ಲೂ ಏನಾದ್ರೂ ಹುಳುಕು ಹುಡುಕ್ತೀರಿ ಅಂತ ಸುಮ್ನಿದ್ವಿ.”

ನನಗೆ ನಿಜಕ್ಕೂ ನಾಚಿಕೆಯಾಯಿತು. ಆ ಮುದುಕಿ ಚಳಿಯಲ್ಲಿ ನಡುಗುತ್ತಾ ನನ್ನ ಸೊಂಟಕ್ಕಾಗಿ ಬಕೆಟ್ ಹೊತ್ತಿದ್ದಾರೆ, ನಾನು ಸೌದೆಯ ಹಿಂದೆ ಪತ್ತೇದಾರಿ ಮಾಡಿದ್ದೇನೆ. ಅತ್ತೆ ಹುಷಾರಾಗಿ ಹೆಜ್ಜೆಯಿಟ್ಟು ಬಂದು ಕೈ ಕೊಟ್ಟರು. ಏಳುತ್ತಾ ಏಳುತ್ತಾ, ಗಂಡಸಿನ ಮಾನ ಒಂದಿಷ್ಟಾದರೂ ಉಳಿಯಲೆಂದು ಗೊಣಗಿದೆ:

“ಏನೇ ಹೇಳಿ ಅತ್ತೆ, ಇಷ್ಟಕ್ಕೆಲ್ಲಾ ಕಾರಣ ಆ ಬೂದೀನೇ.”

“ಹೌದು ಅಳಿಯಂದ್ರೇ,” ಎಂದರು ಅತ್ತೆ, ನನ್ನ ಬೆನ್ನಿನ ಹಿಮ ಕೊಡವುತ್ತಾ. “ಅದಿದ್ದಿದ್ರೆ ನೀವೂ ಬೀಳ್ತಿರ್ಲಿಲ್ಲ, ಪೀಪಾಯೀನೂ ಬೀಳ್ತಿರ್ಲಿಲ್ಲ.”

ನಾನು ಜೇಬಿನಿಂದ ಗುಡಿಸಲಿನ ಬೀಗದ ಕೈ ತೆಗೆದು ಕೊಟ್ಟೆ.