ಅತ್ತೆ ನೆಲ ನೋಡಿ ನಡೆಯುತ್ತಾರೆ

ಪುಣೆಯ ನಿಗಡಿಯಲ್ಲಿರುವ ನನ್ನ ಸೋದರತ್ತೆ ಬೆಳಿಗ್ಗೆ ವಾಕಿಂಗ್ ಹೊರಟರೆ ತಲೆ ಎತ್ತುವುದೇ ಇಲ್ಲ. ವಿನಯವೇ? ಅಯ್ಯೋ, ಎಲ್ಲಿಯ ವಿನಯ! ಅವರು ನೋಡುವುದು ನಾಯಿಗಳು ಬಿಟ್ಟುಹೋದದ್ದನ್ನು. ಇಳಕಲ್ಲ ಸೀರೆಯ ನೆರಿಗೆ ಎತ್ತಿ ಹಿಡಿದು, ಜಾತಕ ನೋಡುವ ಶ್ರದ್ಧೆಯಿಂದ ಬಗ್ಗಿ ನೋಡಿ, "ಇದು ಬಿ ವಿಂಗಿನ ನಾಯೀದು. ಹೊಟ್ಟಿ ಕೆಟ್ಟದ" ಎಂದು ಘೋಷಿಸುತ್ತಾರೆ. ಹಲವು ನಾಯಿ ಸಾಕಿ, ದನದ ಡಾಕ್ಟರರನ್ನೂ ಬಿಡದೆ ಪ್ರಶ್ನೆ ಕೇಳಿ ಸುಸ್ತು ಮಾಡಿ ಗಳಿಸಿದ ವಿದ್ಯೆ ಇದು!

ಒಮ್ಮೆ ಮೇಲಿನ ಮನೆಯ ಲ್ಯಾಬ್ರಡಾರಿಗೆ ಭೇದಿ ಹತ್ತಿತು. "ಕಾಕೂ, ಕಾಹೀಚ್ ದಿಲಂ ನಾಹೀ," ಏನೂ ತಿನ್ನಿಸಿಲ್ಲ ಎಂದು ಮನೆಯೊಡತಿ ಆಣೆ ಮಾಡಿದರು. ಅತ್ತೆ ಸಾಕ್ಷ್ಯ ಪರಿಶೀಲಿಸಿ, ಸೋಫಾದಲ್ಲಿದ್ದ ಆ ಮನೆಯ ಅಜ್ಜನತ್ತ ತಿರುಗಿದರು. "ಆಜೋಬಾ, ಶ್ರೀಖಂಡ?"

ಅಜ್ಜ ಪೇಪರಿನ ಹಿಂದೆ ಮರೆಯಾದರು!

"ಹೆಂಗ ಗೊತ್ತಾತು?" ಎಂದೆ ಬೆರಗಾಗಿ.

"ನಾಯಿ ಇನ್ನೂ ಅವರ ಬೆರಳಿನ ಶ್ರೀಖಂಡ ನೆಕ್ಕಲಿಕ್ಕತ್ತಿತ್ತಲ್ಲೋ!"

ಚಿಕಿತ್ಸೆಯೂ ಅಲ್ಲೇ ಸಿದ್ಧ. ಒಂದು ಹೊತ್ತು ಹೊಟ್ಟೆಗೆ ರಜೆ, ನೀರು ಮಾತ್ರ ಸದಾ ಮುಂದಿರಬೇಕು. ಆಮೇಲೆ ಮೆತ್ತನೆಯ ಅನ್ನದ ಜೊತೆ ಉಪ್ಪು ಖಾರವಿಲ್ಲದೆ ಬೇಯಿಸಿದ ಕೋಳಿ. ಮನುಷ್ಯರ ಮಾತ್ರೆ ಕೂಡದು. ತಮ್ಮ ಅಡುಗೆಮನೆಗೆ ಈರುಳ್ಳಿಯನ್ನೂ ಬಿಡದ ಅತ್ತೆ, ಕೋಳಿ ಎಷ್ಟು ಬೇಯಬೇಕೆಂದು ವಿವರಿಸುತ್ತಿದ್ದರೆ ನಾನು ಬಾಯಿ ತೆರೆದುಕೊಂಡು ನಿಂತಿದ್ದೆ. ಹೊರಡುವಾಗ ಅಜ್ಜನಿಗೂ ಅದೇ ಅನ್ನ ಹಾಕಲು ಹೇಳಿಬಂದರು, ಕೋಳಿ ಬಿಟ್ಟು!

ಮೊನ್ನೆ ಸಾಸವಡದಲ್ಲಿ ಬಳಗದವರ ನಿಶ್ಚಿತಾರ್ಥ. ರೇಷ್ಮೆ ಸೀರೆ, ಹೊಸ ಶಾಲಿನಲ್ಲಿ ಅತ್ತೆ ಕಾರು ಹತ್ತಬೇಕು, ಅಷ್ಟರಲ್ಲಿ ಗೇಟಿನ ಬಳಿ ಬೀದಿಮರಿಯೊಂದು ಬಿದ್ದಿರುವುದು ಕಂಡಿತು. ವಾಂತಿ ಮಾಡಿಕೊಂಡಿತ್ತು. ಭೇದಿಯಲ್ಲಿ ರಕ್ತವಿತ್ತು.

"ಅತ್ತಿ, ಮೆತ್ತನ್ನ ಅನ್ನ ತರಲೇನು?" ಎಂದೆ, ಪಳಗಿದ ಶಿಷ್ಯನಂತೆ.

"ಅನ್ನದ ಮಾತಲ್ಲೋ ಇದು. ಸಣ್ಣ ಮರಿ, ರಕ್ತ ಹೊಂಟದ. ದವಾಖಾನಿಗೆ ನಡಿ, ಲಗೂ!"

ಹೊಸ ಶಾಲು ಮರಿಗೆ ಹೊದಿಕೆಯಾಯಿತು. ಲಸಿಕೆ ಇಲ್ಲದ ಮರಿಗಳಿಗೆ ತಗಲುವ ಕೆಟ್ಟ ವೈರಸ್, ಡ್ರಿಪ್ ಹಾಕುತ್ತೇನೆ, ಬದುಕುವ ಖಾತ್ರಿ ಕೊಡಲಾರೆ ಎಂದರು ಡಾಕ್ಟರು. ನಾವು ನಿಶ್ಚಿತಾರ್ಥ ಮುಗಿಸಿ ಸಂಜೆ ಮರಳಿದರೂ ಅತ್ತೆ ಅಲ್ಲೇ ಇದ್ದರು. ಸೂಜಿ ಚುಚ್ಚಿದ ಪುಟ್ಟ ಕಾಲು ಹಿಡಿದುಕೊಂಡು, "ಇರವ್ವಾ, ಇನ್ನೊಂದೀಟು ಇರು" ಎನ್ನುತ್ತಿದ್ದರು. ಪುಣೆಯ ಬೀದಿಮರಿಗೆ ಕನ್ನಡ ತಿಳಿಯುತ್ತದೆಯೇ? ಕೇಳಲು ನನಗೆ ಧೈರ್ಯ ಬರಲಿಲ್ಲ.

ಆಮೇಲೆ ದಿನವೂ ಹೋದರು. ಒಂದು ಮಧ್ಯಾಹ್ನ ಆಫೀಸಿಗೆ ಫೋನು ಬಂತು. "ಲಗೂ ಬಾರೋ!" ಮುಂದೆ ಬರೀ ಬಿಕ್ಕುವ ಸದ್ದು. ಮರಿ ಹೋಯಿತೆಂದೇ ತಿಳಿದು ಓಡಿದೆ. ದವಾಖಾನೆಯ ಹಿಂದಿನ ಅಂಗಳದಲ್ಲಿ ಅತ್ತೆ ಕುಕ್ಕರಗಾಲಲ್ಲಿ ಕೂತಿದ್ದರು. ಮರಿ ಅವರ ಮೊಣಕಾಲಿಗೆ ಒರಗಿ, ನಡುಗುತ್ತ, ನಿಂತಿತ್ತು. ಎದುರಿಗೆ ಮಣ್ಣಿನ ಮೇಲೆ ಕಿರುಬೆರಳಷ್ಟು, ಗಟ್ಟಿಯಾದದ್ದು.

"ಹೆಂಗ ಕಟ್ಟಿ ಬಂದದ ನೋಡೋ!" ಅತ್ತೆಗೆ ಕಣ್ಣೊರೆಸಿಕೊಳ್ಳುವುದೂ ಮರೆತುಹೋಗಿತ್ತು. "ಭಾಳ ಚಂದ ಅದ, ಹೌದಿಲ್ಲೋ?"

ನಾನೂ ಪಕ್ಕದಲ್ಲಿ ಕೂತು ನೋಡಿದೆ.

"ಹೌದತ್ತಿ, ಭಾಳ ಚಂದ ಅದ."

ನಿಜವಾಗಿಯೂ ಚಂದವಿತ್ತು.