ಇದ್ದದ್ದು ಇದ್ದ ಹಾಗೇ

ರಾಜಾತಿ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡಿಸುತ್ತಿದ್ದಳು. ಹನ್ನೊಂದು ಚುಕ್ಕಿಯ ಸಾಲಿನಲ್ಲಿ ಏಳನೆಯ ಚುಕ್ಕಿ ಇಡುವಾಗ ಸೊಂಟಕ್ಕೆ ಸಿಕ್ಕಿಸಿದ್ದ ಫೋನು ಬಡಿದುಕೊಂಡಿತು. ಪುಡಿ ಮೆತ್ತಿದ ಕೈಯಲ್ಲೇ ಎತ್ತಿದಳು. ಆ ಫೋನು ಐದು ನಿಮಿಷ ಮೊದಲು ಬಂದಿದ್ದರೆ ಆ ದಿನ ಏನೂ ಆಗುತ್ತಿರಲಿಲ್ಲ. ಯಾಕೆಂದರೆ ಐದು ನಿಮಿಷ ಮೊದಲು ಪಕ್ಕದ ಮನೆಯ ಪೊನ್ನಮ್ಮ ನೀರು ಹಿಡಿಯಲು ಬೀದಿಗೆ ಬಂದಿರಲಿಲ್ಲ.

ಮಾತಾಡಿದವರು ಶಿವರಾಮನ್ ಎಂಬ ಕಾಲೇಜು ಮೇಷ್ಟ್ರು. ಓದು ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು ಎಲ್ಲಿ ಕೂರುತ್ತಾರೆ, ಹೇಗೆ ದುಡಿಯುತ್ತಾರೆ ಎಂದು ಮೂರು ವಿಭಾಗದ ಮೇಷ್ಟ್ರುಗಳು ಸೇರಿ ಸಂಶೋಧನೆ ಮಾಡುತ್ತಿದ್ದರಂತೆ. ರಾಜಾತಿಯ ಮಗಳು ಜಯಪ್ರಿಯಾ ಹೋದ ತಿಂಗಳು ಅದರ ಫಾರ್ಮು ತುಂಬಿದ್ದಳಂತೆ. ಅವಳ ಫೋನು ಸಿಗಲಿಲ್ಲವಂತೆ, ಫಾರ್ಮಿನಲ್ಲಿ ಅಮ್ಮನ ನಂಬರನ್ನೂ ಕೊಟ್ಟಿದ್ದಳಂತೆ.

"ಹನ್ನೊಂದು ಗಂಟೆಗೆ ಬಂದು ನಿಮ್ಮ ಮಗಳು ಕೆಲಸ ಮಾಡೋ ಜಾಗ ನೋಡ್ತೀವಿ" ಎಂದು ಅವರು ತಮಿಳಿನಲ್ಲಿ ಹೇಳಿದರು. "ನಮಗೋಸ್ಕರ ಏನೂ ಮಾಡಬೇಡಿ. ಇದ್ದದ್ದು ಇದ್ದ ಹಾಗೇ ಇರಲಿ."

"ಸರಿಂಗ ಸರ್" ಎಂದು ರಾಜಾತಿ ಫೋನಿಟ್ಟಳು.

"ಯಾರ್ಲೇ ಅದು ಇಷ್ಟೊತ್ಗೆ?" ಪೊನ್ನಮ್ಮ ಕೊಡವನ್ನು ನಲ್ಲಿಯ ಕೆಳಗೇ ಬಿಟ್ಟು ಬಂದಳು.

ರಾಜಾತಿ ಹೇಳಿದಳು. ಪೊನ್ನಮ್ಮನ ಕಣ್ಣು ದೋಸೆ ಕಲ್ಲಿನಷ್ಟಾಯಿತು.

"ಇದ್ದಂಗೇ ಇರ್ಲಿ ಅಂದ್ರಾ? ಅಂದ್ರೆ ಏನೂಂತ ಗೊತ್ತಾ ನಿಂಗೆ? ನಿನ್ನ ಎಣ್ಣು ನೋಡಾಕೆ ಬಂದೋರೂ 'ನಮ್ಗೇನೂ ಬ್ಯಾಡ, ಒಂದ್ ಲೋಟ ಕಾಪಿ ಸಾಕು' ಅಂದಿದ್ರು. ನಿಮ್ಮವ್ವ ಬರೀ ಕಾಪಿ ಕೊಟ್ಟಿದ್ರೆ ನೀ ಇವತ್ತು ಈ ಬೀದೀಲಿ ಇರ್ತಿದ್ಯಾ?"

ರಾಜಾತಿಗೆ ಅದು ನೆನಪಿತ್ತು. ಆ ದಿನ ಅವ್ವ ಕೇಸರಿಬಾತು, ಬೋಂಡ, ಬಜ್ಜಿ ಮೂರೂ ಮಾಡಿದ್ದಳು. ಬಂದವರು ಮೂರನ್ನೂ ತಿಂದು, ಆಮೇಲೆಯೇ ಒಪ್ಪಿಗೆ ಹೇಳಿದ್ದರು.

"ಪ್ರಿಯಾಗೊಂದು ಫೋನ್ ಮಾಡ್ತೀನಕ್ಕ. ಮಾರಂಡಹಳ್ಳಿ ಸೋದರತ್ತೆ ಮನೆಗೆ ಓಗವ್ಳೆ, ವಾಪಸ್ ಬಸ್ಸಲ್ಲಿರ್ತಾಳೆ. ಮದ್ಯಾನ ಎರಡು ಗಂಟೆಗೆ ಶಿಫ್ಟು, ಅಷ್ಟರೊಳ್ಗೆ ಬಂದ್ಬುಡ್ತಾಳೆ."

"ಬ್ಯಾಡ. ಈ ಕಾಲದ ಮಕ್ಳು 'ವೇಂಡಾಮ್ಮಾ, ಏನೂ ಬ್ಯಾಡಮ್ಮಾ' ಅಂದ್ಬುಡ್ತಾವೆ. ಆಮ್ಯಾಕೆ ಬಂದೋರ ಮುಂದೆ ನಾಚ್ಕೊಂಡು ತಲೆ ಬಗ್ಗಿಸ್ತಾವೆ."

ನಾಚಿಕೆ ಎಂಬ ಮಾತು ಕೇಳಿ ರಾಜಾತಿ ಫೋನನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿದಳು. ನಾಲ್ಕು ಚುಕ್ಕಿ ಬಾಕಿ ಇದ್ದ ರಂಗೋಲಿ ಹಾಗೇ ಉಳಿಯಿತು.

ಆ ಮಾತು ಅವಳಿಗೆ ನಾಟಲು ಕಾರಣವಿತ್ತು. ತಮಿಳು ಸೀಮೆಯ ಅಮ್ಮಾಪೇಟೆಯ ಆ ಮನೆಯಲ್ಲಿ ಇದ್ದದ್ದು ಒಂದು ದೊಡ್ಡ ಕೋಣೆ. ಅದರ ಅರ್ಧವನ್ನು ರಾಜಾತಿಯ ಕುಣಿಮಗ್ಗ ತುಂಬಿತ್ತು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲಿಳಿಬಿಟ್ಟು ಅವಳು ನೇಯುತ್ತಿದ್ದಳು. ಉಳಿದ ಅರ್ಧದಲ್ಲಿ ಮಗಳ ಮೇಜು, ಲ್ಯಾಪ್‌ಟಾಪು. ಕೆಲಸಕ್ಕೆ ಸೇರಿದ ಮೊದಲ ಆರು ತಿಂಗಳು ಮಗಳು ಕಿವಿಗೆ ಹೆಡ್‌ಫೋನು ಹಾಕಿ ಯಾರ್ಯಾರದೋ ಆಸ್ಪತ್ರೆ ಬಿಲ್ಲಿನ ಬಗ್ಗೆ ಮಾತಾಡುತ್ತಿದ್ದಳು, ತಾಯಿ ಪಕ್ಕದಲ್ಲಿ ಲಾಳಿ ಎಸೆಯುತ್ತಿದ್ದಳು.

ಒಂದು ದಿನ ಪೊರಕೆ ತರಲೆಂದು ರಾಜಾತಿ ಮಗಳ ಬೆನ್ನ ಹಿಂದೆ ಹಾದಳು. ಹಾದವಳು ಲ್ಯಾಪ್‌ಟಾಪಿನ ಪರದೆ ನೋಡಿದಳು. ಅದರಲ್ಲಿ ಮಗಳ ಹಿಂದೆ ಗೋಡೆಯಿರಲಿಲ್ಲ, ಮಗ್ಗವಿರಲಿಲ್ಲ. ದಪ್ಪದಪ್ಪ ಪುಸ್ತಕ ತುಂಬಿದ ಒಂದು ಬೀರು ಇತ್ತು. ರಾಜಾತಿಯ ಕೈ ಆ ಬೀರುವಿನೊಳಗೆ ಹೋಗಿ ಮಾಯವಾಯಿತು. ಆಮೇಲೆ ಅರ್ಧ ತಲೆಯೂ ಹೋಯಿತು. ಒಂದು ಕಿವಿಯೋಲೆ ಮಾತ್ರ ಪುಸ್ತಕಗಳ ನಡುವೆ ದಾರಿ ತಪ್ಪಿದ ಮಿಂಚುಹುಳದ ಹಾಗೆ ತೇಲುತ್ತಿತ್ತು.

ಮಗಳು ನಮ್ಮನ್ನು ಮರೆಮಾಡುತ್ತಿದ್ದಾಳೆ ಎಂದುಕೊಂಡಳು ರಾಜಾತಿ. ಬೇಸರವಾಯಿತು, ಸಿಟ್ಟು ಬರಲಿಲ್ಲ. ಹೆತ್ತವಳಿಗೆ ಮಕ್ಕಳ ನಾಚಿಕೆಯನ್ನೂ ಹೊತ್ತುಕೊಳ್ಳುವ ಶಕ್ತಿ ಎಲ್ಲಿಂದಲೋ ಬರುತ್ತದೆ. ಅಂದಿನಿಂದ ಮಗಳು ಹೆಡ್‌ಫೋನು ಹಾಕಿದ ಕೂಡಲೇ ರಾಜಾತಿ ಲಾಳಿ ಬದಿಗಿಟ್ಟು, ಕುಣಿಯಿಂದ ಕಾಲೆತ್ತಿ, ಹಿತ್ತಲಿಗೆ ಹೋಗಿ ಕೂರುತ್ತಿದ್ದಳು. ಪ್ರಿಯಾ ತಿರುಗಿ ನೋಡುತ್ತಿದ್ದಳು. ಏನೋ ಕೇಳಬೇಕೆಂದು ಬಾಯಿ ತೆರೆಯುತ್ತಿದ್ದಳು. ಅಷ್ಟರಲ್ಲಿ ಕರೆ ಬಂದು, ಆ ಬಾಯಿಂದ ಇಂಗ್ಲಿಷಿನ ನಮಸ್ಕಾರ ಹೊರಡುತ್ತಿತ್ತು. ಹೀಗೇ ಒಂದೂವರೆ ವರ್ಷವಾಗಿತ್ತು.

ಇವತ್ತಾದರೂ ಮಗಳು ತಲೆಯೆತ್ತಿ ಕೂರಲಿ ಎನ್ನಿಸಿತು ರಾಜಾತಿಗೆ.

ಎಂಟು ಗಂಟೆಯ ಹೊತ್ತಿಗೆ ಆ ಕೋಣೆ ಮದುವೆ ಮನೆಯ ಅಡುಗೆ ಕೊಟ್ಟಿಗೆಯಂತಾಗಿತ್ತು. ರಾಜಾತಿಯ ಗಂಡ ನಾಗರಾಜನ್ ನೂಲಿನ ಗಿರಣಿಯ ಪಾಳಿಗೆ ಹೋಗಿದ್ದ, ತಡೆಯುವವರಿರಲಿಲ್ಲ. ಪೊನ್ನಮ್ಮ ತನ್ನ ಮಗ ಶಂಕರ್‌ನನ್ನು ಎಬ್ಬಿಸಿಕೊಂಡು ಬಂದಳು. ಮೂವತ್ತಕ್ಕೆ ಹತ್ತಿರವಾಗಿದ್ದ ಶಂಕರ್ ನಾಲ್ಕು ವರ್ಷದಿಂದ ಲ್ಯಾಪ್‌ಟಾಪಿನಲ್ಲಿ ಕೆಲಸ ಹುಡುಕುತ್ತಿದ್ದ. ಹುಡುಕುವಾಗ ಅದರೊಳಗಿಂದ ಬಂದೂಕಿನ ಸದ್ದು ಬರುತ್ತಿತ್ತು. ಮೂಲೆಯ ಫೋಟೋ ಸ್ಟುಡಿಯೋದ ಧನಪಾಲ್ ಒಂದು ಬಣ್ಣದ ಪರದೆ ಹೊತ್ತು ತಂದ.

"ಪುಸ್ತಕದ ಬೀರು ಐತಾ ಇದ್ರಲ್ಲಿ?" ಎಂದಳು ರಾಜಾತಿ.

"ಪುಸ್ತಕದ್ದಿಲ್ಲ ಅಕ್ಕಾ. ಮೆಟ್ಲು ಐತೆ, ಮೆಟ್ಲ ಮ್ಯಾಗೆ ಎರಡು ಅಂಸ ಐತೆ. ಮೂವತ್ತು ವರ್ಷದಿಂದ ಈ ಬೀದಿ ಮದ್ವೆ ಎಲ್ಲಾ ಇದ್ರ ಮುಂದೇನೇ ಆಗಿರೋದು."

ಗೋಡೆಯ ಬಿರುಕಿನ ಮೇಲೆ ಹಂಸಗಳು ಬಂದು ಕೂತವು. ಪೊನ್ನಮ್ಮ ಸೊಂಟಕ್ಕೆ ಕೈಯಿಟ್ಟು ಮಗ್ಗದತ್ತ ನೋಡಿದಳು.

"ಇದೊಂದು ಇಲ್ದಿದ್ರೆ ಆಪೀಸೇ ಇದು. ತೆಗ್ಸು."

"ಮಗ್ಗವಾ? ಅರ್ಧ ಸೀರೆ ಐತಲ್ಲಕ್ಕಾ ಅದ್ರಲ್ಲಿ!"

"ನಮ್ಮ ಜಗುಲೀಲಿ ಇಟ್ಕೊತೀನಿ. ಸಾಯಂಕಾಲ ತಿರ್ಗ ತಂದು ಕೂರಿಸ್ತಾನೆ ಶಂಕ್ರ. ಮಗ್ಗ ಐತಾ ಅಂತ ಅವ್ರು ಕೇಳಿದ್ರೆ ಇಲ್ಲಾನ್ನು. ಮಗ್ಳು ಮುಖ್ಯನಾ ಮಗ್ಗ ಮುಖ್ಯನಾ?"

ಹಾಸಿನ ಉದ್ದೆಳೆಗಳನ್ನು ಬಿಚ್ಚದೆ, ಇದ್ದ ಹಾಗೇ ಸುತ್ತಿ ಎತ್ತಬೇಕು ಎಂದು ರಾಜಾತಿ ನೂರು ಸಲ ಹೇಳಿದಳು. ಶಂಕರ್ ಒಂದು ತುದಿ, ಧನಪಾಲ್ ಇನ್ನೊಂದು ತುದಿ ಹಿಡಿದು ಬಾಗಿಲವರೆಗೆ ಬಂದರು. ಬಾಗಿಲು ಅಷ್ಟು ಅಗಲವಿರಲಿಲ್ಲ. ಅಡ್ಡ ತಿರುಗಿಸಿದರು, ಉದ್ದ ತಿರುಗಿಸಿದರು. ಕೊನೆಗೆ ಮಗ್ಗ ಒಳಗೂ ಹೋಗದೆ ಹೊರಗೂ ಬರದೆ, ಮುನಿಸಿಕೊಂಡ ಅಳಿಯನ ಹಾಗೆ ಹೊಸಲಿನಲ್ಲಿ ನಿಂತುಬಿಟ್ಟಿತು.

"ಎಳೆಗೆ ಒಂದೇ ಕಟ್ ಅಕ್ಕಾ, ಫೋಟೋ ಕತ್ರಿಸ್ದಂಗೆ" ಎಂದ ಧನಪಾಲ್. ಅವನ ಜೇಬಿನಲ್ಲಿ ಸದಾ ಕತ್ತರಿ ಇರುತ್ತಿತ್ತು. ರಾಜಾತಿ ಬೇಡವೆಂದು ಕೈ ಎತ್ತುವುದಕ್ಕೂ ಕತ್ತರಿ ಆಡುವುದಕ್ಕೂ ಸರಿಹೋಯಿತು.

ಎರಡು ಸಾವಿರಕ್ಕೂ ಮಿಕ್ಕಿದ ಎಳೆ. ಒಂದೊಂದನ್ನೂ ಹುಡುಕಿ, ಬೆರಳಲ್ಲಿ ಹೊಸೆದು ಸೇರಿಸಬೇಕು. ರಾಜಾತಿ ಬಾಯಿಗೆ ಸೆರಗು ಒತ್ತಿ ನಿಂತಳು. ಎಳೆಗಳು ಹೊಸಲಿನ ಮೇಲೆ ಕೂದಲಿನ ಹಾಗೆ ಜೋತು ಬಿದ್ದಿದ್ದವು. ಮಗಳು ಮುಖ್ಯ ಎಂದು ತನಗೆ ತಾನೇ ಹೇಳಿಕೊಂಡಳು.

ಎಳೆ ಕಡಿದು ಎರಡಾದ ಮಗ್ಗ ಪೊನ್ನಮ್ಮನ ಜಗುಲಿಗೆ ಹೋಯಿತು. ಖಾಲಿ ಕುಣಿಯ ಮೇಲೆ ಹಳೆಯ ಬಾಗಿಲಿನ ಹಲಗೆ ಮುಚ್ಚಿ, ಅದರ ಮೇಲೆ ಚಾಪೆ ಹಾಸಿ, ಚಾಪೆಯ ಮೇಲೆ ಆಫೀಸಿನ ಕುರ್ಚಿ ಇಡಬೇಕೆಂದಾಯಿತು. ತಿರುಗುವ ಕುರ್ಚಿ ಆ ಬೀದಿಯಲ್ಲಿ ಒಂದೇ ಇತ್ತು. ಅದು ಗೋವಿಂದರಾಜುವಿನ ಸಲೂನಿನದು. ಮಂಗಳವಾರ ಸಲೂನಿಗೆ ರಜೆಯಾದ್ದರಿಂದ ಅವನು ಧಾರಾಳವಾಗಿ ಕೊಟ್ಟ. ಕಬ್ಬಿಣದ ಬುಡದ ಆ ಕುರ್ಚಿಯನ್ನು ಹೊತ್ತು ತರುವಾಗ ಶಂಕರ್ ನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ ಬೆವರಿದ.

ಹನ್ನೊಂದಕ್ಕೆ ಸರಿಯಾಗಿ ಮೂವರು ಬಂದರು. ಶಿವರಾಮನ್ ಮನಸ್ಸಿನ ಬಗ್ಗೆ ಓದಿದವರು. ಚಂದ್ರಿಕಾ ಎಂಬ ಮೇಡಮ್ಮು ಬೆನ್ನುಮೂಳೆಯ ಬಗ್ಗೆ ಓದಿದವರು. ಮೂರನೆಯವರು ಸಂಬಳದ ಬಗ್ಗೆ ಓದಿದವರು, ಅವರು ಕಡೆಯವರೆಗೂ ಮಾತಾಡಲಿಲ್ಲ. ಮೇಚೇರಿ ಸಂತೆಯಲ್ಲಿ ಒಂದೇ ಕುರಿಯನ್ನು ತಲೆ, ಬೆನ್ನು, ಹೊಟ್ಟೆ ಎಂದು ಹಂಚಿಕೊಂಡವರ ಹಾಗೆ ಮೂವರೂ ಒಬ್ಬಳೇ ಪ್ರಿಯಾಳನ್ನು ಹಂಚಿಕೊಂಡಿದ್ದರು.

ಒಳಗೆ ಬಂದವರು ಮೊದಲು ಹಂಸಗಳನ್ನು ನೋಡಿದರು. ಆಮೇಲೆ ತಲೆಯಿಡುವ ದಿಂಬಿದ್ದ ಕುರ್ಚಿ ನೋಡಿದರು.

"ನಿಮ್ಮ ಮಗಳು ಇದರಲ್ಲೇ ಕೂರ್ತಾಳಾ?" ಚಂದ್ರಿಕಾ ಮೇಡಮ್ಮು ಅಳತೆಯ ಟೇಪು ತೆಗೆದರು.

"ಆಮಾಂಗ ಮೇಡಂ. ದಿನಾ ಇದ್ರಲ್ಲೇ."

"ಬೆನ್ನಿಗೆ ಹೇಗಿರುತ್ತೆ ನೋಡೋಣ" ಎಂದು ಅವರು ಕೂತು ಹಿಂದಕ್ಕೆ ಒರಗಿದರು. ಗಡ್ಡ ಹೆರೆಸಿಕೊಳ್ಳುವವರಿಗಾಗಿ ಮಾಡಿದ ಕುರ್ಚಿ, ತನ್ನ ಧರ್ಮ ಬಿಡದೆ, ಅವರನ್ನು ಒಂದೇ ಏಟಿಗೆ ಆಕಾಶ ನೋಡುವಂತೆ ಮಲಗಿಸಿತು. ಮೇಡಮ್ಮು ಕೂಗಿದರು. ಕೂಗಿಗೆ ಶಿವರಾಮನ್ ಧಾವಿಸಿ ಬಂದು ಹಲಗೆಯ ಮೇಲೆ ಕಾಲಿಟ್ಟರು. ಹಲಗೆ ಅಷ್ಟು ಜನರ ಸಂಶೋಧನೆ ತಡೆಯಲಿಲ್ಲ. ಲಟಕ್ಕೆಂದಿತು. ಕುರ್ಚಿಯ ಬುಡ ಕುಣಿಗಿಳಿಯಿತು, ಶಿವರಾಮನ್ ಮೊಣಕಾಲುದ್ದ ಇಳಿದರು, ಮೇಡಮ್ಮು ಮಾತ್ರ ಒಲೆಯ ಮೇಲಿನ ಹಪ್ಪಳದಂತೆ ಎರಡೂ ಕಡೆ ಎದ್ದು ಮಧ್ಯೆ ಕುಸಿದು ಉಳಿದರು.

"ಅಯ್ಯೋ ಸಾಮಿ!" ಎಂದು ರಾಜಾತಿ ಎರಡೂ ಕೈ ಕೊಟ್ಟು ಎಳೆದಳು. ಯಾರಿಗೂ ಪೆಟ್ಟಾಗಿರಲಿಲ್ಲ. ಶಿವರಾಮನ್ ಮೇಲೆ ಬರದೆ, ಕುಣಿಯಲ್ಲೇ ನಿಂತು ಅದರ ಅಂಚನ್ನು ಸವರಿದರು. ಅಂಚು ಸವೆದು ನುಣುಪಾಗಿತ್ತು.

"ಇದು ಮಗ್ಗದ ಕುಣಿಯಲ್ಲವೇನಮ್ಮಾ? ಮಗ್ಗ ಎಲ್ಲಿ?"

ಪೊನ್ನಮ್ಮ ಕಲಿಸಿದ ಮಾತು ರಾಜಾತಿಯ ನಾಲಿಗೆಯ ಮೇಲೇ ಇತ್ತು. "ಮಗ್ಗವಾ? ನಮ್ಮ ಮನೇಲಿ ಮಗ್ಗ ಇಲ್ಲ ಸರ್. ಇದು ಬರೀ ಆಪೀಸು."

ಶಿವರಾಮನ್ ನಿಧಾನವಾಗಿ ಮೇಲೆ ಬಂದು, ಚೀಲದಿಂದ ಒಂದು ಕಾಗದ ತೆಗೆದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

"ನೋಡಿ ಅಮ್ಮಾ, ಈ ಕಂಪನಿಯ ನೂರಾರು ಮಕ್ಕಳು ಮನೆಯಿಂದ ಕೆಲಸ ಮಾಡ್ತಾರೆ. ಪರದೆಯಲ್ಲಿ ಎಲ್ಲರ ಹಿಂದೆಯೂ ಒಂದೇ ಪುಸ್ತಕದ ಬೀರುವಿನ ಚಿತ್ರ. ಕಂಪನಿ ಕಡ್ಡಾಯ ಮಾಡಿದೆ, ಹಾಕದಿದ್ದರೆ ಲ್ಯಾಪ್‌ಟಾಪು ಕೆಲಸಕ್ಕೆ ಒಳಗೇ ಬಿಡೋದಿಲ್ಲ. ಆ ಬೀರುವಿನ ಹಿಂದೆ ನಿಜವಾಗಿ ಏನಿದೆ ಅಂತ ನೋಡೋದೇ ನಮ್ಮ ಸಂಶೋಧನೆ."

ರಾಜಾತಿಗೆ ಕಾಲ ಕೆಳಗಿನ ನೆಲವೆಲ್ಲ ಕುಣಿಯಾದ ಹಾಗಾಯಿತು. "ಎಲ್ಲಾರೂ... ಅದೇ ಬೀರುನಾ ಸರ್?"

"ಎಲ್ಲರೂ. ಎಲ್ಲಿ ಕೆಲಸ ಮಾಡ್ತೀರಿ ಅನ್ನೋ ಪ್ರಶ್ನೆಗೆ ಎಲ್ಲ ಮಕ್ಕಳೂ 'ಮನೆ' ಅಂತ ಒಂದೇ ಪದ ಬರೆದಿದ್ದಾರೆ. ನಿಮ್ಮ ಮಗಳು ಒಬ್ಬಳೇ ನಾಲ್ಕು ಸಾಲು ಬರೆದಳು." ಅವರು ಓದಿದರು. "'ಅಮ್ಮನ ಮಗ್ಗದ ಪಕ್ಕ. ಹೆಡ್‌ಫೋನು ಹಾಕಿದರೆ ಅದರ ಸದ್ದು ಕೇಳಿಸುವುದಿಲ್ಲ. ಆದರೆ ನೆಲದ ಅದುರು ಪಾದಕ್ಕೆ ತಿಳಿಯುತ್ತದೆ. ಮೊದಮೊದಲು ಯಾರಾದರೂ ಫೋನಿನಲ್ಲಿ ಬೈದರೆ ನಾನು ಪಾದವನ್ನು ನೆಲಕ್ಕೆ ಒತ್ತಿಕೊಳ್ಳುತ್ತಿದ್ದೆ.' ಇದಕ್ಕೇ ಮೊದಲು ನಿಮ್ಮ ಮನೆಗೆ ಬಂದೆವು. ಒಂದು ಕೋಣೆಯಲ್ಲಿ ಎರಡು ತಲೆಮಾರಿನ ಕೆಲಸ. ಮಗ್ಗವೇ ಇಲ್ಲ ಅಂದಮೇಲೆ ಹುಡುಗಿ ಸುಮ್ಮನೆ ಬರೆದಿದ್ದಾಳೆ ಅಂತಾಯಿತು."

ಅವರು ಪೆನ್ನು ತೆಗೆದು ಜಯಪ್ರಿಯಾಳ ಹೆಸರಿನ ಮೇಲೆ ಗೆರೆ ಎಳೆದರು.

"ಇಲ್ಲ ಸರ್, ಐತೆ ಸರ್, ಮಗ್ಗ ಐತೆ..." ರಾಜಾತಿ ತೊದಲಿದಳು.

ಆಗ ಪಕ್ಕದ ಜಗುಲಿಯಿಂದ ಒಂದು ದನಿ ಕೇಳಿಸಿತು. ಕಿಟಕಿಗೆ ಕಿವಿಯಿಟ್ಟು ಎಲ್ಲ ಕೇಳಿಸಿಕೊಂಡಿದ್ದ ಪೊನ್ನಮ್ಮನದು.

"ಸಾರ್! ಇಲ್ಲಿ ವಾಂಗ ಸಾರ್, ಬನ್ನಿ! ಮಗ್ಗ ಇಲ್ಲೈತೆ! ಲ್ಯಾಪ್‌ಟಾಪೂ ಐತೆ! ನಾನೂ ನನ್ ಮಗನೂ ದಿನಾ ಇಂಗೇ ಜೊತೇಲಿ ಕೂತ್ಕೊಂಡು ಕೆಲ್ಸ ಮಾಡೋದು!"

ಮೂವರೂ ಆ ಕಡೆ ಹೊರಟರು. ಹೊಸಲಿನಲ್ಲಿ ಬಿದ್ದಿದ್ದ ಎಳೆಗಳನ್ನು ದಾಟಿದರು, ರಂಗೋಲಿಯ ಏಳು ಚುಕ್ಕಿಗಳನ್ನು ತುಳಿದರು.

ಹನ್ನೆರಡಕ್ಕೆ ರಾಗಿ ಹಿಟ್ಟಿನ ಚೀಲ ಹೊತ್ತು ಜಯಪ್ರಿಯಾ ಬೀದಿಗೆ ಕಾಲಿಟ್ಟಾಗ, ಪೊನ್ನಮ್ಮ ಹಬ್ಬದ ಸೀರೆಯುಟ್ಟು ಅರ್ಧ ಬಿಚ್ಚಿದ ಮಗ್ಗದ ಮೇಲೆ ಕೈಯಿಟ್ಟು ಕೂತಿದ್ದಳು. ಲಾಳಿಯನ್ನು ತಲೆಕೆಳಗಾಗಿ ಹಿಡಿದಿದ್ದಳು. ಪಕ್ಕದಲ್ಲಿ ಶಂಕರ್ ಹೆಡ್‌ಫೋನು ಹಾಕಿಕೊಂಡು ಗಂಭೀರವಾಗಿ ಕೂತಿದ್ದ. ಧನಪಾಲ್ ಹಂಸದ ಪರದೆಯನ್ನೂ ಅಲ್ಲಿಗೇ ತಂದಿದ್ದ. ಸಂಶೋಧಕರು ಫೋಟೋ ತೆಗೆಯುತ್ತಿದ್ದರು.

ಪ್ರಿಯಾ ಮಗ್ಗವನ್ನು ನೋಡಿದಳು. ಅದು ಯಾರದೆಂದು ಅವಳಿಗೆ ಹೇಳಬೇಕಾಗಿರಲಿಲ್ಲ. ನೇರ ಮನೆಯೊಳಗೆ ಬಂದಳು.

ಅಮ್ಮ ಖಾಲಿ ಕುಣಿಯ ಅಂಚಿನಲ್ಲಿ, ಕಾಲು ಇಳಿಬಿಟ್ಟು, ತುಳಿಯಲು ಏನೂ ಇಲ್ಲದೆ ಕೂತಿದ್ದಳು. ಮಡಿಲಲ್ಲಿ ಒಂದು ಹಿಡಿ ಕತ್ತರಿಸಿದ ಎಳೆ. ಎರಡನ್ನು ಹೊಸೆದು ಸೇರಿಸಿದ್ದಳು. ಮೂರನೆಯದರ ಜೊತೆ ಯಾವುದೆಂದು ಸಿಗುತ್ತಿರಲಿಲ್ಲ.

ಮಗಳು ಹಿಟ್ಟಿನ ಚೀಲ ಇಳಿಸಿದಳು. ಚಪ್ಪಲಿ ಬಿಟ್ಟು, ಅಮ್ಮನ ಪಕ್ಕದಲ್ಲೇ ಕುಣಿಗೆ ಕಾಲು ಇಳಿಬಿಟ್ಟು ಕೂತಳು. ಕುಣಿಯ ನೆಲ ತಣ್ಣಗಿತ್ತು, ಸುಮ್ಮನಿತ್ತು. ಇಬ್ಬರ ಪಾದಗಳೂ ಅದರ ಮೇಲಿದ್ದವು. ಈಗ ಯಾವ ಕರೆಯೂ ಬರಲಿಲ್ಲ.

"ಅಮ್ಮಾ" ಎಂದಳು ಪ್ರಿಯಾ. "ನಾ ಎಡ್‌ಫೋನ್ ಆಕ್ಕೊಂಡ ತಕ್ಷಣ ನೀ ಯಾಕಮ್ಮಾ ಎದ್ದೋಯ್ತಿದ್ದೆ?"