ಎಂಟು ನಿಮಿಷದ ಹಳದಿ ಪರದೆ

ಸಂಸಾರದ ನಡುವೆ ಮೂರನೆಯವರು ಬಂದರೆ ಜಗಳವಾಗುವುದು ಸಹಜ. ನೇರ ಮಾಸ್ಟರ್ ಸಂಸಾರದ ನಡುವೆ ಬಂದದ್ದು ಒಂದು ಹಳದಿ ಪರದೆ.

ಮಾಸ್ಟರ್ ಇಪ್ಪತ್ತಾರು ವರ್ಷಗಳಿಂದ ಕಿಟಕಿ ಬಾಗಿಲುಗಳಿಗೆ ಪರದೆ ಹೊಲಿಯುತ್ತಿದ್ದರು. ಅವರ ಹೊಲಿಗೆ ಸ್ಕೇಲಿಟ್ಟು ಗೆರೆ ಎಳೆದಂತೆ ಇರುತ್ತಿದ್ದುದರಿಂದ ಜನ ಕೊಟ್ಟ ಹೆಸರೇ ನೇರ ಮಾಸ್ಟರ್. ಮನೆಯ ಮುಂದಿನ ಕೋಣೆಯೇ ಅಂಗಡಿ. ಅಲ್ಲಿದ್ದ ಹೊಲಿಗೆ ಯಂತ್ರವನ್ನು ಬೇರೆ ಯಾರೂ ಮುಟ್ಟಕೂಡದು. ಹೆಂಡತಿ ಅದರ ಧೂಳು ಒರೆಸುವಾಗಲೂ ಮಾಸ್ಟರ್ ಪಕ್ಕದಲ್ಲಿ ಕಾವಲು ನಿಂತಿರುತ್ತಿದ್ದರು.

ಹೆಂಡತಿಗೆ ಇತ್ತೀಚೆಗೆ ಒಂದು ಹುಚ್ಚು ಹಿಡಿದಿತ್ತು. ಗ್ರಂಥಾಲಯದ ಮಹಡಿಯಲ್ಲಿ ಕನ್ನಡಕದಂಗಡಿಯವರು ಪ್ರತಿ ಶನಿವಾರ ವಿಚಿತ್ರ ಸಿನಿಮಾಗಳನ್ನು ತೋರಿಸುತ್ತಿದ್ದರು. ಹಾಡಿಲ್ಲ, ಹೊಡೆದಾಟವಿಲ್ಲ, ಕೆಲವಕ್ಕೆ ಕತೆಯೂ ಇಲ್ಲ. ಒಂದರಲ್ಲಿ ಇಡೀ ಊರೇ ನೀಲಿ. ಇನ್ನೊಂದರಲ್ಲಿ ಮನುಷ್ಯರೇ ಕಾಣದೆ ಬರೀ ನೆರಳುಗಳು ನಡೆದಾಡುತ್ತಿದ್ದವು. ಅವನ್ನು ನೋಡಿ ಬಂದ ಸಂಜೆ ಆಕೆ ಒಲೆಯ ಮೇಲೆ ಹಾಲು ಉಕ್ಕಿದರೂ ಉರಿ ಆರಿಸದೆ, ಉಕ್ಕುವ ಚಂದ ನೋಡುತ್ತಾ ನಿಂತಿರುತ್ತಿದ್ದರು.

ಇದನ್ನೆಲ್ಲ ಮಾಸ್ಟರ್ ಸಹಿಸಿಕೊಂಡಿದ್ದರು. ಆದರೆ ಈ ಶನಿವಾರ ಆಕೆ ಅತ್ತು ಕಣ್ಣು ಕೆಂಪಗೆ ಮಾಡಿಕೊಂಡು ಬಂದರು.

“ಎಂಟು ನಿಮಿಷ ರೀ! ಕಿಟಕೀಲಿ ಒಂದು ಹಳದಿ ಪರದೆ. ಗಾಳಿ ಬರುತ್ತೆ, ಹೋಗುತ್ತೆ, ಅಷ್ಟೇ. ನಂಗೆ ಅಳು ತಡೆಯೋಕೇ ಆಗ್ಲಿಲ್ಲ. ಆ ಪರದೆ ಇದೆಯಲ್ಲ, ಅದು…”

“ಸಾಕು! ಇಪ್ಪತ್ತಾರು ವರ್ಷದಿಂದ ನಿನ್ನ ಕಣ್ಮುಂದೆ ಪರದೆ ಹೊಲೀತಾ ಕೂತಿದೀನಿ. ಒಂದು ದಿನ ಒಂದು ಹನಿ ಕಣ್ಣೀರು ಹಾಕಿದೀಯಾ?”

“ಅದನ್ನೇ ರೀ ಹೇಳೋಕೆ ಬಂದೆ…”

“ಆ ಪರದೆ ಮಾತು ಈ ಮನೇಲಿ ಇನ್ನೊಂದು ಸಲ ಎತ್ತಕೂಡದು!”

ಆಕೆ ಎತ್ತಲಿಲ್ಲ. ಮಾಸ್ಟರ್ ಹೊಟ್ಟೆಯಲ್ಲಿ ಮಾತ್ರ ಇಸ್ತ್ರಿಪೆಟ್ಟಿಗೆಯ ಕೆಂಡ ಉರಿಯುತ್ತಲೇ ಇತ್ತು.

ಭಾನುವಾರ ಬೆಳಿಗ್ಗೆ ಎದ್ದವರೇ ಹಳದಿ ಬಟ್ಟೆ ಕತ್ತರಿಸಿ, ಅರ್ಧ ಗಂಟೆಯಲ್ಲಿ ಪರದೆ ಹೊಲಿದು ಅಡುಗೆಮನೆಯ ಕಿಟಕಿಗೆ ತೂಗುಹಾಕಿದರು. ಗಾಳಿ ಇರಲಿಲ್ಲ. ಟೇಬಲ್ ಫ್ಯಾನ್ ತಂದಿಟ್ಟು ಜೋರಾಗಿ ತಿರುಗಿಸಿದರು. ಪರದೆ ಹಾರಿ ಬಂದು ಹೆಂಡತಿಯ ತಲೆಗೆ ಸುತ್ತಿಕೊಂಡಿತು. ಕೈಯಲ್ಲಿದ್ದ ಹಾಲಿನ ಪಾತ್ರೆ ನೆಲಕ್ಕೆ ಬಿತ್ತು.

ಎದುರುಗಡೆಯ ಇಸ್ತ್ರಿಯವನು ಕಿಟಕಿಯಲ್ಲಿ ಇಣುಕಿದ. “ಏನ್ ಮಾಸ್ಟರ್, ಅಕ್ಕನ್ನೂ ಮಡಚಿ ಪ್ಯಾಕ್ ಮಾಡ್ತಿದೀರಾ?”

“ಚೆನ್ನಾಗಿದೆ ರೀ, ತುಂಬ ನೇರವಾಗಿದೆ,” ಎಂದು ಹೆಂಡತಿ ಪರದೆಯೊಳಗಿಂದಲೇ ಸಮಾಧಾನ ಹೇಳಿದರು. ಆದರೆ ಅಳಲಿಲ್ಲ.

ಮಧ್ಯಾಹ್ನ ಅದೇ ಚಿತ್ರದ ಎರಡನೆಯ ಪ್ರದರ್ಶನವಿತ್ತು, ನಿರ್ದೇಶಕಿಯೂ ಬರುವವಳಿದ್ದಳು. ಮಾಸ್ಟರ್ ಅಳತೆಯ ಟೇಪನ್ನು ಕೊರಳಿಗೆ ಹಾಕಿಕೊಂಡು, ಯುದ್ಧಕ್ಕೆ ಹೊರಟವರಂತೆ ಹೆಂಡತಿಯ ಹಿಂದೆ ನಡೆದರು. ಜಗಳ ನೋಡುವುದು ತಪ್ಪಿಹೋದೀತೆಂದು ಇಸ್ತ್ರಿಯವನೂ ಬಂದ.

“ಬನ್ನಿ ಮಾಸ್ಟರ್, ಮುಂದಿನ ಕುರ್ಚಿ ನಿಮಗೇ ಇಟ್ಟಿದೀನಿ. ದೂರದ್ದು ನಿಮಗೆ ಸ್ವಲ್ಪ ಮಂಜು ಅಲ್ವಾ?” ಎಂದರು ಕನ್ನಡಕದಂಗಡಿಯವರು. ಅದು ಬರೀ ಉಪಕಾರ. ಮಾಸ್ಟರಿಗೆ ಮಾತ್ರ, ನನ್ನ ಕುಂದುಗಳೆಲ್ಲ ಇವನಿಗೆ ಯಾರು ಹೇಳಿರಬಹುದು ಎನ್ನಿಸಿತು. ತಮ್ಮ ಮೂಗಿನ ಮೇಲಿದ್ದ ಕನ್ನಡಕ ಆತನೇ ಮಾಡಿಕೊಟ್ಟದ್ದೆಂಬುದು ಆ ಸಿಟ್ಟಿನಲ್ಲಿ ಮರೆತುಹೋಗಿತ್ತು.

ದೀಪ ಆರಿತು. ಗೋಡೆಯ ತುಂಬ ಹಳದಿ ಪರದೆ. ಗಾಳಿ ಬಂತು. ಬಿಸಿಲು ಸೋಸಿಕೊಂಡು ಬಟ್ಟೆ ಎದೆಯಂತೆ ಉಬ್ಬಿತು, ತಗ್ಗಿತು. ಬಂದ ಕೆಲಸ ಮರೆತು ಮಾಸ್ಟರ್ ಅದರ ಜೊತೆಗೇ ಉಸಿರಾಡತೊಡಗಿದರು. ತಮ್ಮ ಅಂಗಡಿಯಿಂದ ಹೋದ ಬಟ್ಟೆಗಳೂ ಎಲ್ಲೋ ಹೀಗೆ ಬದುಕುತ್ತಿರಬಹುದೆಂದು ಅವರು ಎಂದೂ ಯೋಚಿಸಿರಲಿಲ್ಲ.

ಅಷ್ಟರಲ್ಲಿ ಎಡಗಡೆಯ ಮೂಲೆ ಕಣ್ಣಿಗೆ ಬಿತ್ತು.

“ಸೊಟ್ಟ!” ಎಂದು ಕೂಗಿಯೇಬಿಟ್ಟರು.

“ಶ್…!”

ಕೇಳುವವರು ಯಾರು? ಟೇಪು ಹಿಡಿದು ಗೋಡೆಗೇ ನುಗ್ಗಿದರು. ಹಳದಿಯ ಮೇಲೆ ಅವರ ನೆರಳು ಕರಡಿಯಂತೆ ಎದ್ದು ನಿಂತಿತು. “ಎರಡು ಬೆರಳು ಇಳಿದಿದೆ! ಎಲ್ಲರೂ ನೋಡಿ!”

“ಹಾಗೇ ಸೊಂಟದಳತೇನೂ ತಗೊಂಡ್ಬಿಡಿ ಮಾಸ್ಟರ್!” ಎಂದ ಇಸ್ತ್ರಿಯವನು.

ಅಕ್ಕಪಕ್ಕದವರು ಹೇಗೋ ಹಿಡಿದು ಕೂರಿಸಿದರು. ಚಿತ್ರ ಮುಗಿದು ದೀಪ ಹತ್ತಿದ್ದೇ ತಡ, ಮಾಸ್ಟರ್ ಮತ್ತೆ ಎದ್ದರು. “ಈ ಪರದೆ ಹೊಲಿದವನು ಯಾರು? ಅವನ ಕೈಗೆ ಸೂಜಿ ಕೊಟ್ಟವರು ಯಾರು?”

ಹೆಂಡತಿ ಅಂಗಿ ಹಿಡಿದೆಳೆದರು. “ರೀ, ಕೂತ್ಕೊಳ್ಳಿ. ಮನೇಲಿ ಹೇಳ್ತೀನಿ.”

“ಮನೇಲಿ ಅದರ ಮಾತೇ ಬೇಡ ಅಂದಿಲ್ವಾ?”

ನಿರ್ದೇಶಕಿ ಚಿಕ್ಕ ವಯಸ್ಸಿನವಳು. ಅವಳಿಗೆ ಕೋಪ ಬರಲಿಲ್ಲ, ಮುಖ ಅರಳಿತು. “ಸರ್, ಅದನ್ನ ಗಮನಿಸಿದವರಲ್ಲಿ ನೀವೇ ಮೊದಲು! ನಾನು ಬಾಡಿಗೆಗಿದ್ದ ಮನೇಲಿ ಈ ಪರದೆ ಇತ್ತು. ಆ ಸೊಟ್ಟ ಮೂಲೆ ಇರೋದ್ರಿಂದ ಅದು ಬೇರೆ ಪರದೆಗಳ ಹಾಗೆ ಹಾರಲ್ಲ. ಏನೋ ಹೇಳೋಕೆ ಬಂದು, ಹೇಳದೆ ಸುಮ್ಮನಾದ ಹಾಗೆ ಹಾರುತ್ತೆ. ಅದನ್ನ ನೋಡ್ತಾ ನೋಡ್ತಾನೇ ಈ ಚಿತ್ರ ಹುಟ್ಟಿದ್ದು. ಹೊಲಿದವರನ್ನ ಇನ್ನೂ ಹುಡುಕ್ತಿದೀನಿ.” ಅವಳು ಚೀಲದಿಂದ ಆ ಪರದೆಯನ್ನೇ ತೆಗೆದು ಹರಡಿದಳು. ಅಂಚಿನಲ್ಲಿ ಕತ್ತರಿಯ ಚಿತ್ರವಿದ್ದ ಪುಟ್ಟ ಚೀಟಿ.

“ಅಯ್ಯೋ, ಈ ಕತ್ತರಿ ಗುರುತು ನಮ್ಮ ಮಾಸ್ಟರ್‌ದೇ!” ಎಂದ ಇಸ್ತ್ರಿಯವನು.

ಇಡೀ ಸಭೆ ಅವರತ್ತ ತಿರುಗಿತು. ಮಾಸ್ಟರ್ ಮುಖದಲ್ಲಿ ಆ ಸಿನಿಮಾಗಳಲ್ಲೂ ಇಲ್ಲದ ಬಣ್ಣಗಳು ಬಂದು ಹೋದವು. ಕೆಮ್ಮಿ ಗಂಟಲು ಸರಿಮಾಡಿಕೊಂಡರು.

“ಹೂಂ… ಯಾರಾದ್ರೂ ಗುರುತು ಹಿಡೀತಾರಾ ಅಂತ ಪರೀಕ್ಷೆ ಮಾಡಿದೆ. ನೇರವಾಗಿ ಯಾರು ಬೇಕಾದ್ರೂ ಹೊಲೀತಾರೆ. ಸೊಟ್ಟ ಹೊಲಿಯೋಕೆ ಅನುಭವ ಬೇಕು.”

ಚಪ್ಪಾಳೆಯೋ ಚಪ್ಪಾಳೆ. ಹೆಂಡತಿಯೂ ತಟ್ಟಿದರು. ನಿರ್ದೇಶಕಿ ಒಂದು ಕೆಂಪು ಬಟ್ಟೆಯ ಗಂಟನ್ನು ಅವರ ಕೈಗಿಟ್ಟಳು. “ಮುಂದಿನ ಚಿತ್ರಕ್ಕೆ ಸರ್. ಅದೇ ಕೈ, ಅದೇ ಸೊಟ್ಟ. ನಾಳೆ ಬೆಳಿಗ್ಗೆ ಬಂದು ತಗೋತೀನಿ.”

ದಾರಿಯಲ್ಲಿ ಮಾಸ್ಟರ್ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. “ನೋಡಿದ್ಯಾ? ನೀನು ಅತ್ತಿದ್ದು ನನ್ನ ಪರದೆಗೇ!”

“ಹೋದ ವರ್ಷ ನೀವು ಜ್ವರ ಅಂತ ಹನ್ನೆರಡು ದಿನ ಮಲಗಿದ್ರಲ್ಲ,” ಎಂದರು ಹೆಂಡತಿ ಮೆಲ್ಲಗೆ. “ಒಂದು ಹಳದಿ ಪರದೆ ಬಾಕಿ ಇತ್ತು. ಮಾತು ತಪ್ಪಿತು ಅಂತ ಜ್ವರದಲ್ಲೂ ಕನವರಿಸ್ತಿದ್ರಿ. ಅದಕ್ಕೆ ನಾನೇ ಕೂತು ಹೊಲಿದು, ನಿಮಗೆ ಹೇಳದೆ ಕೊಟ್ಟುಬಿಟ್ಟೆ. ಮಿಷನ್ನಿನ ಎಡಗಡೆಗೆ ನಿಮ್ಮ ಮಂಚ ಎಳ್ಕೊಂಡಿದ್ದೆ. ಒಂದು ಕಣ್ಣು ಹೊಲಿಗೆ ಮೇಲೆ, ಒಂದು ಕಣ್ಣು ನಿಮ್ಮ ಮೇಲೆ. ಆ ಕಡೆ ಸ್ವಲ್ಪ ಇಳಿದುಹೋಯ್ತು.”

ಮಾಸ್ಟರ್ ನಡುರಸ್ತೆಯಲ್ಲಿ ನಿಂತುಬಿಟ್ಟರು. ಇಷ್ಟು ಹೊತ್ತು ಒಂದು ಪರದೆಯ ಮೇಲಿದ್ದ ಹೊಟ್ಟೆಕಿಚ್ಚು ಈಗ ಪಕ್ಕದಲ್ಲೇ ಸೆರಗು ಸರಿಮಾಡಿಕೊಳ್ಳುತ್ತಿದ್ದ ಹೆಂಡತಿಯ ಮೇಲೆ ತಿರುಗಿತು.

“ನನ್ನ ಮಿಷನ್ನು ಮುಟ್ಟಿದ್ಯಾ?” ಎಂದಷ್ಟೇ ಕೇಳಲು ಸಾಧ್ಯವಾಯಿತು.

ಮನೆಗೆ ಬಂದವರೇ ಬಾಗಿಲು ಹಾಕಿ, ಕೆಂಪು ಬಟ್ಟೆ ಹಿಡಿದು ಯಂತ್ರದ ಮುಂದೆ ಕುಳಿತರು. ಒಂದು ಕಣ್ಣು ಮುಚ್ಚಿ ಹೊಲಿದರು: ನೇರ ಬಂತು. ಬಿಚ್ಚಿ, ಎಡಗೈಯಲ್ಲಿ ಹೊಲಿದರು: ನೇರ. ಸ್ಟೂಲನ್ನು ವಾಲಿಸಿ, ತಾವೂ ವಾಲಿ, ಕೊನೆಗೆ ಗೋಡೆಯ ಕಡೆ ಮುಖ ತಿರುಗಿಸಿ ಹೊಲಿದರು. ಇಪ್ಪತ್ತಾರು ವರ್ಷದ ಕೈ ಗೆರೆ ಬಿಟ್ಟು ಕದಲಲಿಲ್ಲ.

ಇಸ್ತ್ರಿಯವನು ಕಿಟಕಿಯಲ್ಲಿ ಇಣುಕಿದ. “ಆಹಾ, ಏನು ನೇರ ಮಾಸ್ಟರ್!”

ಮಾಸ್ಟರ್ ಕಣ್ಣಲ್ಲಿ ನೀರು ಬಂತು. ಕಿಟಕಿ ಹಾಕಿ, ತಗ್ಗಿದ ದನಿಯಲ್ಲಿ ಕರೆದರು: “ಏನೇ… ಸ್ವಲ್ಪ ಬಾ ಇಲ್ಲಿ.”

ಹೆಂಡತಿ ಕೈ ಒರೆಸಿಕೊಂಡು ಬಂದರು. ಮೊದಲು ಮಂಚವನ್ನು ಯಂತ್ರದ ಎಡಗಡೆಗೆ ಎಳೆದರು.

“ಮಲಗಿ ರೀ. ಜ್ವರ ಬಂದಾಗ ನರಳ್ತಿದ್ರಲ್ಲ, ಹಾಗೇ ನರಳ್ತಾ ಇರಿ. ಇಲ್ದಿದ್ರೆ ನಂಗೆ ಆ ಸೊಟ್ಟ ಬರಲ್ಲ.”

ಮಾಸ್ಟರ್ ಮಲಗಿದರು. ನರಳುವುದಕ್ಕೆ ನಟನೆಯೇನೂ ಬೇಕಾಗಲಿಲ್ಲ.